ಫೈಲು ಸೊಸೆಯ ಕೈಯಲ್ಲಿರಲಿ: ವೀಸಾ ಕಾಯುವ ಮನೆಯವರಿಗೆ

ಗಂಡ ಪರದೇಶದಲ್ಲಿ, ಹೆಂಡತಿ ಮಕ್ಕಳು ಚಿಕ್ಕೋಡಿಯಲ್ಲೋ ಜಮಖಂಡಿಯಲ್ಲೋ ಇಂಡಿಯಲ್ಲೋ. ಕೆಲವು ಮನೆಗಳಲ್ಲಿ ಹೆಂಡತಿ ಅಲ್ಲಿ, ಗಂಡ ಇಲ್ಲಿ; ಲೆಕ್ಕ ಒಂದೇ. ಅಲ್ಲಿಯ ಸರಕಾರ ಅರ್ಜಿ ನೋಡುವ ವೇಗ ನಮ್ಮ ಕೈಯಲ್ಲಿಲ್ಲ. ನಮ್ಮ ಕಡೆಯ ತಪ್ಪಿನಿಂದ ಆಗುವ ತಡ ಮಾತ್ರ ನಮ್ಮ ಕೈಯಲ್ಲಿದೆ, ಅದೇನೂ ಸಣ್ಣದಲ್ಲ. ಎಷ್ಟೋ ಮನೆಗಳಲ್ಲಿ ಫೈಲು ಮಾವನವರ ಟ್ರೆಜರಿಯಲ್ಲಿ, ಎಟಿಎಂ ಕಾರ್ಡ್ ಮೈದುನನ ಕಿಸೆಯಲ್ಲಿ, ಇಮೇಲ್ ಪಾಸ್‌ವರ್ಡ್ ಏಜೆಂಟನ ಹತ್ತಿರ ಇರುತ್ತದೆ. ಸಂದರ್ಶನಕ್ಕೆ ಹೋಗಿ ಉತ್ತರ ಕೊಡಬೇಕಾದವಳಿಗೆ ತನ್ನ ಅರ್ಜಿಯಲ್ಲಿ ಏನು ಬರೆದಿದೆ ಎಂಬುದೇ ಗೊತ್ತಿರುವುದಿಲ್ಲ. ಕಾಗದ, ಹಣ, ಫೋನು ಮೂರೂ ಕಾಯುತ್ತಿರುವವರ ಕೈಗೆ ಬರಬೇಕು. ಮನೆಯವರು ಮಾಡಬಹುದಾದ ದೊಡ್ಡ ಸಹಾಯ ಇದು.

ಹೆಸರಿನ ಗೊಂದಲ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರು ಜಿಲ್ಲೆಗಳ ಅರ್ಜಿಗಳು ಮೊದಲು ಸಿಕ್ಕಿಬೀಳುವುದು ಹೆಸರಿನಲ್ಲಿ. ಮದುವೆಗೆ ಮುಂಚೆ ಹುಡುಗಿಯ ಹೆಸರಿನ ಹಿಂದೆ ತಂದೆಯ ಹೆಸರು, ತವರಿನ ಅಡ್ಡಹೆಸರು. ಮದುವೆಯ ನಂತರ ಗಂಡನ ಹೆಸರು, ಗಂಡನ ಮನೆಯ ಅಡ್ಡಹೆಸರು. ಕೆಲವು ಮನೆತನಗಳಲ್ಲಿ ಮದುವೆಯಲ್ಲಿ ಸ್ವಂತ ಹೆಸರನ್ನೇ ಬದಲಿಸುತ್ತಾರೆ. ಇದರ ಮೇಲೆ ಶಾಲೆಯ ದಾಖಲೆಯಲ್ಲಿ ‘ಶಂಕರೆಪ್ಪ’, ಆಧಾರ್‌ನಲ್ಲಿ ‘ಶಂಕರ’, ಪಾಸ್‌ಪೋರ್ಟ್‌ನಲ್ಲಿ ‘ಶಂಕರಗೌಡ’. ಊರಿನವರಿಗೆ ಮೂರೂ ಒಬ್ಬನೇ, ವೀಸಾ ಅಧಿಕಾರಿಗೆ ಮೂವರು.

ಹೀಗೆ ಮಾಡಿ. ಪಾಸ್‌ಪೋರ್ಟ್‌ನಲ್ಲಿರುವ ಹೆಸರನ್ನು ಮೂಲವೆಂದು ಹಿಡಿಯಿರಿ. ಒಂದು ಹಾಳೆಯಲ್ಲಿ ಆಧಾರ್, ಪ್ಯಾನ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜನನ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಇವುಗಳಲ್ಲಿರುವ ಹೆಸರನ್ನು ಇಂಗ್ಲಿಷ್ ಅಕ್ಷರ ಸಮೇತ ಒಂದರ ಕೆಳಗೊಂದು ಬರೆಯಿರಿ. ಆಧಾರ್, ಪ್ಯಾನ್, ಬ್ಯಾಂಕಿನ ಹೆಸರು ತಿದ್ದುವುದು ಸುಲಭ, ತಿದ್ದಿಸಿ. ಶಾಲೆಯ ದಾಖಲೆ ಬೇಗ ಬಗ್ಗುವುದಿಲ್ಲ; ಅದಕ್ಕೆ ಎರಡೂ ಹೆಸರಿನವರು ಒಬ್ಬರೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ. ಮದುವೆಯಲ್ಲಿ ಇಟ್ಟ ಹೊಸ ಹೆಸರು ಲಗ್ನಪತ್ರಿಕೆಯಲ್ಲಿ ಮಾತ್ರ ಇದ್ದರೆ ಅಲ್ಲಿಯೇ ಇರಲಿ, ಯಾವ ದಾಖಲೆಗೂ ಹೊಸದಾಗಿ ಸೇರಿಸಬೇಡಿ. ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಇದ್ದರೆ ಅರ್ಜಿ ಹಾಕುವ ಮೊದಲೇ ತುಂಬಿಸಿಕೊಳ್ಳಿ. ಇಲ್ಲವಾದರೆ ಅಮೆರಿಕದ ವೀಸಾದಲ್ಲಿ ಹೆಸರು ಅಡ್ಡಹೆಸರಿನ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಹೆಸರು ಗೊತ್ತಿಲ್ಲ) ಎಂದು ಮುದ್ರಣವಾಗುತ್ತದೆ. ಮುಂದೆ ಅಲ್ಲಿಯ ಬ್ಯಾಂಕು, ಲೈಸೆನ್ಸು ಎಲ್ಲದರಲ್ಲೂ ಅದೇ ತಲೆನೋವು.

ಊರಿನ ಹೆಸರಿಗೆ ಮಾತ್ರ ಹೆದರಬೇಡಿ. ಇಂಗ್ಲಿಷಿನ ಬೆಲ್ಗಾಂ, ಬಿಜಾಪುರಗಳು ಬೆಳಗಾವಿ, ವಿಜಯಪುರ ಆದದ್ದು 2014ರ ನವೆಂಬರ್ 1ರಂದು. ಬಾಗಲಕೋಟೆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಅದಕ್ಕೂ ಮೊದಲು ಹುನಗುಂದದಲ್ಲಿ ಹುಟ್ಟಿದವರ ಪತ್ರದಲ್ಲಿ ಜಿಲ್ಲೆ ಬಿಜಾಪುರ ಎಂದೇ ಇರುತ್ತದೆ. ಅದು ತಪ್ಪಲ್ಲ. ಎರಡು ಸಾಲಿನ ವಿವರಣೆ ಜೊತೆಗಿಟ್ಟರೆ ಸಾಕು.

ಮದುವೆ ನೋಂದಣಿಯನ್ನು ಗಂಡ ವಿಮಾನ ಹತ್ತುವ ಮೊದಲೇ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಮುಗಿಸಿ. ಹಿಂದೂ ವಿವಾಹಕ್ಕೆ ರಾಜ್ಯ ನೋಂದಣಿ ಇಲಾಖೆಯ ಜಾಲತಾಣ ಕಾವೇರಿ 2.0ರಲ್ಲಿ ಆನ್‌ಲೈನ್ ದಾರಿಯೂ ಇದೆ. ನಿಕಾಹ್‌ನಾಮಾ ಉರ್ದುವಿನಲ್ಲಿ, ಶಾಲೆಯ ದಾಖಲೆ ಮರಾಠಿಯಲ್ಲಿ ಇದ್ದರೆ ಇಂಗ್ಲಿಷ್ ಅನುವಾದ ಬೇಕು. ಅನುವಾದ ಸರಿಯಾಗಿದೆ, ಎರಡೂ ಭಾಷೆ ತನಗೆ ಬರುತ್ತವೆ ಎಂದು ಅನುವಾದಕರು ಬರೆದು, ಹೆಸರು, ವಿಳಾಸ, ತಾರೀಖು ಹಾಕಿ ಸಹಿ ಮಾಡಿರಬೇಕು. ಇನ್ನೊಂದು ಮಾತು: ಯಾವ ಪ್ರಮಾಣಪತ್ರಕ್ಕೂ ಲ್ಯಾಮಿನೇಶನ್ ಮಾಡಿಸಬೇಡಿ. ಕಾಳಜಿಯಿಂದಲೇ ಮಾಡಿಸಿರುತ್ತಾರೆ, ಆದರೆ ಅದರ ಮೇಲೆ ಮುದ್ರೆ ಕೂರುವುದಿಲ್ಲ. ಹೊಸ ಪ್ರತಿ ತೆಗೆಸಲು ಮತ್ತೆ ಓಡಾಟ.

ದೇಶಕ್ಕೊಂದು ತೊಡಕು

ಅಮೆರಿಕದಲ್ಲಿ ಗಂಡ ಪ್ರಜೆಯೋ ಗ್ರೀನ್ ಕಾರ್ಡ್‌ದಾರನೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇಬ್ಬರೂ ಸಲ್ಲಿಸುವುದು ಐ-130 ಅರ್ಜಿಯನ್ನೇ. ಪ್ರಜೆಯ ಹೆಂಡತಿಗೆ ವಾರ್ಷಿಕ ಮಿತಿಯ ಸರದಿ ಇಲ್ಲ. ಗ್ರೀನ್ ಕಾರ್ಡ್‌ದಾರನ ಹೆಂಡತಿ ವಾರ್ಷಿಕ ಮಿತಿಯಿರುವ ಎಫ್2ಎ ಎಂಬ ಸರದಿಯಲ್ಲಿ ನಿಲ್ಲಬೇಕು. ಅಮೆರಿಕ ಸರಕಾರ ಪ್ರತಿ ತಿಂಗಳು ಹೊರಡಿಸುವ ವೀಸಾ ಬುಲೆಟಿನ್‌ನಲ್ಲಿ, ಅರ್ಜಿ ಸಲ್ಲಿಸಿದ ತಮ್ಮ ತಾರೀಖಿನ ಸರದಿ ಬಂತೇ ಎಂದು ನೋಡಬೇಕು. ಬಹಳ ಜನ ಎಡವುವುದು ಮಕ್ಕಳ ವಿಷಯದಲ್ಲಿ. ಎಫ್2ಎ ಅರ್ಜಿಯಲ್ಲಿ ತಾಯಿಯ ಹಿಂದೆ ಮಕ್ಕಳೂ ಬರುತ್ತಾರೆ. ಪ್ರಜೆಯ ಹೆಂಡತಿಯ ಅರ್ಜಿಯಲ್ಲಿ ಬರುವುದಿಲ್ಲ. ಪೌರತ್ವವಿಲ್ಲದ ಪ್ರತಿ ಮಗುವಿಗೂ ಬೇರೆ ಐ-130 ಬೇಕು. ಗಂಡ ನಡುವೆ ಪ್ರಜೆಯಾದರೆ ಈ ಬದಲಾವಣೆ ಸದ್ದಿಲ್ಲದೆ ಆಗಿಬಿಡುತ್ತದೆ, ತಾಯಿಯ ವೀಸಾ ಬಂದು ಮಗು ಇಲ್ಲೇ ಉಳಿಯುವ ಪ್ರಸಂಗ ಎದುರಾಗುತ್ತದೆ. ಅಲ್ಲಿ ಕಾಲಿಡುವ ದಿನ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡ್. ಅದು ಮುಗಿಯುವ ಹಿಂದಿನ 90 ದಿನಗಳಲ್ಲಿ ಷರತ್ತು ತೆಗೆಸುವ ಐ-751 ಅರ್ಜಿ ಹಾಕಬೇಕು. ಕಾಯುವ ನಡುವೆ ಒಮ್ಮೆ ಹೋಗಿ ಬರೋಣ ಎಂದು ಪ್ರವಾಸಿ ವೀಸಾ ಕೇಳಿದರೆ ಸಾಮಾನ್ಯವಾಗಿ ಸಿಗುವುದಿಲ್ಲ, ಏಕೆಂದರೆ ಅಲ್ಲೇ ನೆಲೆಸುವ ಅರ್ಜಿ ಆಗಲೇ ಅವರ ಮುಂದಿದೆ. ಗಂಡನೇ ಊರಿಗೆ ಬಂದು ಹೋಗುವುದು ಒಳ್ಳೆಯದು. ಬೋರ್ಡಿಂಗ್ ಪಾಸ್ ಎಸೆಯಬೇಡಿ, ಸಂಸಾರ ನಡೆಯುತ್ತಿದೆ ಎಂಬುದಕ್ಕೆ ಅದು ಪುರಾವೆ.

ಬ್ರಿಟನ್‌ನಲ್ಲಿ ತೊಡಕು ಆದಾಯದ್ದು. 2024ರ ಏಪ್ರಿಲ್ 11ರಿಂದ ಕರೆಸಿಕೊಳ್ಳುವವರ ವರ್ಷದ ಆದಾಯದ ಮಿತಿ 29,000 ಪೌಂಡ್. ಇಲ್ಲಿಂದ ಹೋಗುವವರಿಗೆ ಇಂಗ್ಲಿಷ್ ಪರೀಕ್ಷೆ, ಕ್ಷಯದ ತಪಾಸಣೆ ಇವೆ. ಕ್ಷಯದ ಪ್ರಮಾಣಪತ್ರ 6 ತಿಂಗಳು ಮಾತ್ರ ನಡೆಯುತ್ತದೆ. ಅವಸರದಿಂದ ಮೊದಲೇ ಮಾಡಿಸಿ, ಸಂಬಳದ ಚೀಟಿ ಕೂಡಿಸುವಷ್ಟರಲ್ಲಿ ಅವಧಿ ಮುಗಿದವರಿದ್ದಾರೆ.

ಯುಎಇಗೆ ಕರೆಸಿಕೊಳ್ಳಲು ಮದುವೆ ಪತ್ರದ ಮೇಲೆ ನಾಲ್ಕು ಮುದ್ರೆ: ರಾಜ್ಯ ಸರಕಾರದ್ದು, ನಮ್ಮ ವಿದೇಶಾಂಗ ಸಚಿವಾಲಯದ್ದು, ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿಯದು, ಕೊನೆಗೆ ಅಲ್ಲಿಯ ವಿದೇಶಾಂಗ ಇಲಾಖೆಯದು. ಈ ಕ್ರಮ ತಪ್ಪಿದರೆ ಪತ್ರ ವಾಪಸ್.

ಹಣ ಮತ್ತು ಸಿಮ್

ಪ್ರತಿ ತಿಂಗಳು ಹಣ ಹೆಂಡತಿಯ ಒಬ್ಬಳ ಹೆಸರಿನ ಖಾತೆಗೆ, ಬ್ಯಾಂಕಿನ ಮೂಲಕವೇ ಬರಲಿ. ಊರಿಗೆ ಬರುವ ಗೆಳೆಯನ ಕೈಯಲ್ಲಿ ಕೊಟ್ಟು ಕಳಿಸಿದ ಹಣಕ್ಕೆ ಗುರುತಿರುವುದಿಲ್ಲ. ಖಾತೆಗೆ ಬಂದ ಐದು ಸಾವಿರವೂ ಸಂಸಾರ ನಡೆಯುತ್ತಿದೆ ಎಂಬುದಕ್ಕೆ ಸಾಕ್ಷಿ. ಕೂಡು ಮನೆಯಲ್ಲಿ ಇದರಿಂದ ಅತ್ತೆ ಮಾವಂದಿರಿಗೆ ಬೇಜಾರಾಗಬಹುದು. ಅವರ ಪಾಲನ್ನು ಮಗ ಬೇರೆಯಾಗಿ ಅವರ ಖಾತೆಗೇ ಹಾಕಿದರೆ ಜಗಳ ಹುಟ್ಟುವುದಿಲ್ಲ. ಮೂರು ತಿಂಗಳ ಮನೆಖರ್ಚು ಸದಾ ಕೈಯಲ್ಲಿರಲಿ. ವೀಸಾ ಶುಲ್ಕ, ತಪಾಸಣೆ, ಪ್ರಯಾಣ ಎಲ್ಲವೂ ಒಂದೇ ತಿಂಗಳಲ್ಲಿ ಬಂದು ಬೀಳುತ್ತವೆ.

ಅನಿವಾಸಿಯಾದ ಮೇಲೆ ಗಂಡನ ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ) ಖಾತೆಯಾಗಿ ಬದಲಿಸಬೇಕು. ಅವನ ಭಾರತದ ಸಿಮ್ ಸಾಯಲು ಬಿಡಬೇಡಿ. ಬ್ಯಾಂಕು, ಆಧಾರ್ ಎಲ್ಲದರ ಒಟಿಪಿ ಅದಕ್ಕೇ ಬರುತ್ತದೆ. ರೀಚಾರ್ಜ್ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಹೊಲ, ಕಬ್ಬಿನ ಬಿಲ್ಲು, ಸೊಸೈಟಿ ಸಾಲದ ವ್ಯವಹಾರಕ್ಕೆ ಪವರ್ ಆಫ್ ಅಟಾರ್ನಿ ಬೇಕಾದರೆ ಹೊರಡುವ ಮೊದಲು ಇಲ್ಲೇ ಮಾಡಿಸುವುದು ಹಗುರ. ಅಲ್ಲಿಂದ ಕಳಿಸಿದರೆ ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಬೇಕು, ಪತ್ರ ರಾಜ್ಯಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಮಗುವಿಗೆ ಪಾಸ್‌ಪೋರ್ಟ್ ಮಾಡಿಸಲು ತಂದೆಯ ಒಪ್ಪಿಗೆಯ ಅಫಿಡವಿಟ್ ಅಲ್ಲಿಯ ಭಾರತೀಯ ಕಚೇರಿಯಿಂದಲೇ ಬರಬೇಕು. ಎರಡನ್ನೂ ಒಂದೇ ಸಲ ಮಾಡಿಸಿದರೆ ಅವನ ಒಂದು ದಿನದ ರಜೆ ಉಳಿಯುತ್ತದೆ.

ತವರೋ, ಗಂಡನ ಮನೆಯೋ

ಇದು ಮನಸ್ಸಿನ ಪ್ರಶ್ನೆಯಷ್ಟೇ ಅಲ್ಲ, ವಿಳಾಸದ್ದೂ ಹೌದು. ಪಾಸ್‌ಪೋರ್ಟ್‌ಗೂ ಪೊಲೀಸ್ ಕ್ಲಿಯರೆನ್ಸ್‌ಗೂ ಪೊಲೀಸರು ಬರುವುದು ಅರ್ಜಿಯಲ್ಲಿ ಬರೆದ ವಿಳಾಸಕ್ಕೆ. ಸೊಸೆ ತವರಲ್ಲಿದ್ದು ವಿಳಾಸ ಗಂಡನ ಮನೆಯದಾದರೆ ವರದಿ ‘ಇಲ್ಲಿ ವಾಸವಿಲ್ಲ’ ಎಂದು ಹೋಗುತ್ತದೆ. ಎಲ್ಲಿ ಇರುವುದೆಂದು ಅವಳನ್ನೇ ಕೇಳಿ ನಿರ್ಧರಿಸಿ, ಆಧಾರ್ ವಿಳಾಸವೂ ಅದೇ ಆಗಿರಲಿ.

ಫೋನಿಗೆ ಹೊತ್ತು ಗೊತ್ತು ಮಾಡಿಕೊಳ್ಳಿ. ನ್ಯೂಯಾರ್ಕ್ ಬೇಸಿಗೆಯಲ್ಲಿ ನಮಗಿಂತ ಒಂಬತ್ತೂವರೆ ತಾಸು ಹಿಂದೆ, ಚಳಿಗಾಲದಲ್ಲಿ ಹತ್ತೂವರೆ. ಇಲ್ಲಿ ಮಗು ಶಾಲೆಗೆ ಹೊರಡುವ ಏಳೂವರೆಗೆ ಅಲ್ಲಿ ಬೇಸಿಗೆಯ ರಾತ್ರಿ ಹತ್ತು. ಲಂಡನ್ ನಾಲ್ಕೂವರೆ ಅಥವಾ ಐದೂವರೆ ತಾಸು ಹಿಂದೆ, ದುಬೈ ಒಂದೂವರೆ. ಯುಎಇಯಲ್ಲಿ ವಾಟ್ಸಾಪ್ ಕರೆಗೆ ನಿರ್ಬಂಧವಿದೆ, ಅಲ್ಲಿರುವವರು ಬೋಟಿಮ್ ಬಳಸುತ್ತಾರೆ. ದಿನಕ್ಕೆ ಹತ್ತೇ ನಿಮಿಷವಾದರೂ ಗಂಡ ಹೆಂಡತಿ ಇಬ್ಬರೇ ಮಾತಾಡುವಂತಿರಲಿ. ಪಡಸಾಲೆಯಲ್ಲಿ ಸ್ಪೀಕರ್ ಹಾಕಿ ಎಲ್ಲರೂ ಮಾತಾಡುವುದು ಬೇರೆ ಹೊತ್ತಿಗೆ.

ಲಗ್ನ, ಸೀಮಂತ, ಜಾತ್ರೆ ಎಲ್ಲಿಗೆ ಹೋದರೂ ‘ವೀಸಾ ಬಂತೇನವಾ?’ ಎಂಬ ಪ್ರಶ್ನೆ ಎದುರಾಗುತ್ತದೆ. ಕೇಳುವವರಿಗೆ ಅದು ಕುಶಲ ವಿಚಾರಿಸಿದಂತೆ, ಕೇಳಿಸಿಕೊಳ್ಳುವವಳಿಗೆ ನೂರನೆಯ ಚುಚ್ಚು. ಉತ್ತರ ಹೇಳುವ ಕೆಲಸವನ್ನು ಅತ್ತೆಯೋ ನೆಗೆಣ್ಣಿಯೋ ವಹಿಸಿಕೊಂಡರೆ ದೊಡ್ಡ ಉಪಕಾರ. ನಿದ್ದೆ, ಊಟ ಕೆಟ್ಟು ವಾರಗಳೇ ಆದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ-ಮಾನಸ್, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಕಹಿಯಾದರೂ ಹೇಳಬೇಕು: ತಿಂಗಳುಗಟ್ಟಲೆ ಕೇಳಿದರೂ ಗಂಡ ಅರ್ಜಿಯ ಸಂಖ್ಯೆ ಹೇಳದಿದ್ದರೆ, ರಸೀತಿಯ ಫೋಟೋ ಕಳಿಸದಿದ್ದರೆ ‘ಕೆಲಸ ಬಹಳ ಇರಬೇಕು’ ಎಂದು ಸುಮ್ಮನಾಗಬೇಡಿ. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಎನ್‌ಆರ್‌ಐ ವಿಭಾಗವಿದೆ, ದೂರು ಕೊಡಲು ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್ ಇದೆ.

ಸಂದರ್ಶನ ಬಂದಾಗ

ಅಮೆರಿಕದ ವಲಸೆ ವೀಸಾಕ್ಕೆ ನಮ್ಮ ಕಡೆಯವರು ಸಾಮಾನ್ಯವಾಗಿ ಹೋಗುವುದು ಮುಂಬೈಗೆ. ಆರೋಗ್ಯ ತಪಾಸಣೆ ಅವರು ಗೊತ್ತುಪಡಿಸಿದ ವೈದ್ಯರಲ್ಲೇ ಆಗಬೇಕು, ಬೆಳಗಾವಿಯ ದೊಡ್ಡ ಆಸ್ಪತ್ರೆಯ ವರದಿ ನಡೆಯುವುದಿಲ್ಲ. ಮಕ್ಕಳ ಲಸಿಕೆಯ ದಾಖಲೆಗೆ ತಾಯಿ ಕಾರ್ಡ್ ಒಯ್ಯಿರಿ. ಎದೆಯ ಎಕ್ಸ್‌ರೇಯಲ್ಲಿ ಕ್ಷಯದ ಅನುಮಾನ ಬಂದರೆ ಮೂರು ದಿನ ಕಫದ ಮಾದರಿ ಕೊಡಬೇಕು, ಅದರಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ ವರದಿಗೆ 8 ವಾರದವರೆಗೆ ಕಾಯಬೇಕು. ಅದಕ್ಕೇ ತಪಾಸಣೆಯನ್ನು ಸಂದರ್ಶನದ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ಸಂದರ್ಶನದ ಕೊನೆಗೆ 221(ಜಿ) ಚೀಟಿ ಕೊಟ್ಟರೆ ಅಲ್ಲಿಗೆ ಎಲ್ಲ ಮುಗಿಯಿತೆಂದು ಅಳುತ್ತ ಬರಬೇಕಿಲ್ಲ. ಬಹಳ ಸಲ ಅದು ಯಾವುದೋ ಕಾಗದ ಕೇಳುವ ಚೀಟಿ. ಕೇಳಿದ್ದನ್ನು ಅವರು ಹೇಳಿದ ದಾರಿಯಲ್ಲೇ ತಲುಪಿಸಿ. ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಗೆ ಬರುವವರೆಗೆ ವಿಮಾನದ ಟಿಕೆಟ್ ತೆಗೆಯಬೇಡಿ, ನೌಕರಿಗೆ ರಾಜೀನಾಮೆ ಕೊಡಬೇಡಿ, ಮಗುವಿನ ಟಿಸಿ ತರಬೇಡಿ. ಬಂದ ಕೂಡಲೇ ಅದರಲ್ಲಿರುವ ಹೆಸರು, ಹುಟ್ಟಿದ ತಾರೀಖು, ಕೊನೆಯ ದಿನಾಂಕ ಓದಿ ನೋಡಿ. ಆ ಕೊನೆಯ ದಿನಾಂಕ ಹೆಚ್ಚಾಗಿ ಆರೋಗ್ಯ ತಪಾಸಣೆಯ ಅವಧಿಗೆ ತಕ್ಕಂತೆ ಇರುತ್ತದೆ, ಅಷ್ಟರೊಳಗೆ ಹೊರಡಬೇಕು.