ಉಣ್ಣೆ ಅಂದ ಕಾರ್ಪೆಟ್ ನೀರಲ್ಲಿ ತೇಲಿತು

ಹುಬ್ಬಳ್ಳಿಯ ಮಳೆಗಾಲ. ಹಾಲ್‌ನ ಕಾರ್ಪೆಟ್ ಎರೆಮಣ್ಣು ತಿಂದು ಕಪ್ಪಾಗಿತ್ತು. ಬ್ಲೀಚ್ ಸುರಿಯುವಷ್ಟರಲ್ಲಿ ಕೈ ತಡೆಯಿತು. ಅಂಗಡಿಯವರು ‘ಪಕ್ಕಾ ಉಣ್ಣೆ’ ಅಂದಿದ್ದರು. ಬ್ಲೀಚ್ ಉಣ್ಣೆಯ ನೂಲನ್ನೇ ಕರಗಿಸುತ್ತದೆ.

ಅಂಚಿನಿಂದ ಎರಡು ಎಳೆ ಕಿತ್ತೆ. ಒಂದನ್ನು ಚಿಮಟದಲ್ಲಿ ಹಿಡಿದು, ಸಿಂಕ್ ಮೇಲೆ ಕಡ್ಡಿ ಗೀರಿದೆ. ಉಣ್ಣೆ ಸುಟ್ಟರೆ ಬರುವ ಕೂದಲು ಸುಟ್ಟ ವಾಸನೆ ಬರಲೇ ಇಲ್ಲ. ಎಳೆ ಕರಗಿ, ತುದಿಯಲ್ಲಿ ಸಾಸಿವೆಯಂಥ ಗಟ್ಟಿ ಗುಂಡು ಕೂತಿತು. ಇನ್ನೊಂದನ್ನು ನೀರಿನ ಲೋಟದಲ್ಲಿ ಅದ್ದಿದೆ, ಮತ್ತೆ ಮೇಲೆ ಬಂತು. ನೈಲಾನ್, ಪಾಲಿಯೆಸ್ಟರ್ ಮುಳುಗುತ್ತವೆ, ತೇಲುವುದು ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ ನೂಲು. ಉಣ್ಣೆಯ ದುಡ್ಡು ಸುಮ್ನೆ ಹೋಯ್ತು, ಅಲ್ವಾ!

ಮಣ್ಣು ಪೂರ್ತಿ ಒಣಗಿದ ಮೇಲೆ ಉಲ್ಟಾ ಹಾಕಿ ಬಡಿದು, ನಿಧಾನವಾಗಿ ವ್ಯಾಕ್ಯೂಮ್ ಮಾಡಿದೆ. ಜಾಸ್ತಿ ಕೊಳೆ ಅಲ್ಲೇ ಹೋಯಿತು. ಉಳಿದದ್ದಕ್ಕೆ ಕಾರ್ಪೆಟ್ ಶಾಂಪೂ, ಹಾಕಿ ಹತ್ತು ನಿಮಿಷ ನೆನೆಸಿ, ಕೊಳೆನೀರು ಹೀರುವ ಬಾಡಿಗೆಯ ಮೆಷಿನ್ ಓಡಿಸಿದೆ. ಮೂರನೇ ಸಲ ಬಂದ ನೀರು ಚಹಾ ಬಣ್ಣಕ್ಕೆ ಇಳಿದಿತ್ತು.