ಮಗು ಬಾರದ ದಿನಗಳ ಶುಲ್ಕ

ಬೆಂಗಳೂರಿನಲ್ಲಿ ನಮ್ಮ ಮನೆಯ ಕೆಳಮಹಡಿಯಲ್ಲೇ ಆರು ಮಕ್ಕಳ ಡೇಕೇರ್ ನಡೆಸುತ್ತೇನೆ. ಮಗುವಿಗೆ ತಿಂಗಳಿಗೆ 9,000 ರೂಪಾಯಿ. ಮೊದಲ ವರ್ಷ ರಜೆಯ ಮಾತನ್ನು ಯಾರೊಂದಿಗೂ ಆಡಿರಲಿಲ್ಲ. ದಸರಾ ಮುಗಿದ ಮೇಲೆ ಒಬ್ಬ ತಂದೆ, "ಮೇಡಂ, ಮಗು ಬಂದದ್ದು ಹದಿನಾರೇ ದಿನ" ಎಂದು ಅಷ್ಟಕ್ಕೆ ಮಾತ್ರ ಹಣ ಕೊಟ್ಟರು. ಕೇಳಲು ಸಂಕೋಚವಾಗಿ ಸುಮ್ಮನಾದೆ.

ಬಿಸಿ ಮುಟ್ಟಿದ್ದು ಮೇ ತಿಂಗಳಲ್ಲಿ. ನಾಲ್ಕು ಮಕ್ಕಳು ಅಜ್ಜಿಯ ಊರಿಗೆ ಹೋದರು. ಕೈಗೆ ಬಂದದ್ದು 18,000 ರೂಪಾಯಿ. ಅದರಲ್ಲಿ 14,000 ಸಹಾಯಕಿಯ ಸಂಬಳ. ಅವರಿಗೆ 'ಈ ತಿಂಗಳು ಬರಬೇಡಿ' ಎನ್ನಲು ಮನಸ್ಸು ಒಪ್ಪಲಿಲ್ಲ. ಅವರ ತೊಡೆಯ ಮೇಲೆ ಮಲಗಿ ರೂಢಿಯಾದ ಮಕ್ಕಳು ಜೂನ್‌ನಲ್ಲಿ ಹುಡುಕುವುದು ಅವರನ್ನೇ ಅಲ್ಲವೇ? ಜಾಗ ಕೇಳಿಕೊಂಡು ಬಂದಿದ್ದ ಇಬ್ಬರು ತಾಯಂದಿರನ್ನು ಊರಿಗೆ ಹೋದ ಮಕ್ಕಳಿಗಾಗಿಯೇ ವಾಪಸು ಕಳುಹಿಸಿದ್ದೆ. ಆಗ ನನಗೆ ಸ್ಪಷ್ಟವಾಯಿತು: ನಾನು ಶುಲ್ಕ ತೆಗೆದುಕೊಳ್ಳುತ್ತಿರುವುದು ಮಗು ಕಳೆದ ದಿನಗಳಿಗಲ್ಲ, ಮಗುವಿಗಾಗಿ ಕಾದಿರಿಸಿದ ಜಾಗಕ್ಕೆ.

ಆ ಡಿಸೆಂಬರ್‌ನಲ್ಲಿ ಒಂದು ಹಾಳೆಯ ನಿಯಮ ಬರೆದು, ಪ್ರತಿ ಮನೆಯವರನ್ನೂ ಕೂರಿಸಿಕೊಂಡು ಓದಿ, ಒಪ್ಪಿದವರ ಸಹಿ ಪಡೆದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಮತ್ತು ಐದು ಹಬ್ಬದ ದಿನ ಬಾಗಿಲು ಮುಚ್ಚಿರುತ್ತದೆ, ಶುಲ್ಕದಲ್ಲಿ ಕಡಿತವಿಲ್ಲ. ಸಹಾಯಕಿಗೂ ಆ ದಿನಗಳ ಸಂಬಳ ಪೂರ್ತಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಕೆಲವರ ಕಚೇರಿಗೆ ರಜೆ ಇರುವುದಿಲ್ಲ, ಆದ್ದರಿಂದ ಪಟ್ಟಿಯನ್ನು ಎಂಟು ತಿಂಗಳು ಮೊದಲೇ ಕೊಡುವುದು ಬಹಳ ಮುಖ್ಯ. ದಸರಾದಲ್ಲಿ ನಾನು ಊರಿಗೆ ಹೋಗುವ ಒಂದು ವಾರಕ್ಕೆ ಅರ್ಧ ಶುಲ್ಕ ಸಾಕು ಎಂದೆ. ಪೂರ್ತಿ ಕೇಳಬಹುದಿತ್ತು. ಆದರೆ ಆ ವಾರ ತಂದೆ ತಾಯಿ ಇಬ್ಬರಲ್ಲಿ ಒಬ್ಬರು ರಜೆ ಹಾಕಲೇಬೇಕಲ್ಲ, ಅವರ ಹೊರೆಯೂ ಹೊರೆಯೇ.

ಮಗು ಸತತ ಮೂರು ವಾರಕ್ಕಿಂತ ಹೆಚ್ಚು ಬಾರದಿದ್ದರೆ ಆ ತಿಂಗಳಿಗೆ ಅರ್ಧ ಶುಲ್ಕ. ಆದರೆ ಒಂದು ತಿಂಗಳು ಮೊದಲೇ ತಿಳಿಸಬೇಕು. ಗೈರು ಮೂರು ವಾರ ಮೀರದಿದ್ದರೆ ಪೂರ್ತಿ. ಇದಕ್ಕೆ ಒಬ್ಬ ತಾಯಿ ಒಪ್ಪಲಿಲ್ಲ, ಮಗುವನ್ನು ಬಿಡಿಸಿದರು. ಬೇಸರವಾಯಿತು, ನಿಯಮ ಬದಲಿಸಲಿಲ್ಲ. ಜನವರಿಯಲ್ಲೇ ಆ ಜಾಗಕ್ಕೆ ಬೇರೆ ಮಗು ಬಂತು. ಮರು ಮೇ ತಿಂಗಳಲ್ಲಿ ಮತ್ತೆ ನಾಲ್ವರು ಊರಿಗೆ ಹೋದರು. ಈ ಬಾರಿ ಕೈಗೆ 36,000 ಬಂತು.

ನನಗೆ ಜ್ವರ ಬಂದು ಬಾಗಿಲು ಹಾಕಿದರೆ ಮಾತ್ರ ಹಣ ಹಿಂತಿರುಗಿಸುತ್ತೇನೆ. ತಿಂಗಳಿಗೆ 25 ಕೆಲಸದ ದಿನವೆಂದು ಹಿಡಿದು, ದಿನಕ್ಕೆ 360 ರೂಪಾಯಿ. ಕಳೆದ ಆಗಸ್ಟ್‌ನಲ್ಲಿ ಮೂರು ದಿನ ಹಾಗಾಯಿತು. ಯಾರೂ ಕೇಳುವ ಮೊದಲೇ ಮುಂದಿನ ತಿಂಗಳ ಶುಲ್ಕದಲ್ಲಿ 1,080 ಕಳೆದು ರಸೀದಿ ಬರೆದೆ. ಅಂದು ಹದಿನಾರು ದಿನದ ಲೆಕ್ಕ ಹೇಳಿದ್ದ ತಂದೆ ಆ ರಸೀದಿ ನೋಡಿ, "ಈಗ ಹೇಗಿದ್ದೀರಿ ಮೇಡಂ?" ಎಂದು ಕೇಳಿದರು.