ಮಟನ್ ಬಿಟ್ಟೆ, ಕೊಲ್ಲತ್ತರು ಹಿಡಿದೆ

ಆ ರಾತ್ರಿ ನನ್ನ ಕಾಲಿಗೆ ಹೊದಿಕೆಯ ಅಂಚು ತಾಗಿದರೂ ಕೂಗಿಕೊಳ್ಳುವಂತಾಗಿತ್ತು. ಬಲಗಾಲಿನ ಹೆಬ್ಬೆರಳಿನ ಬುಡ ಕೆಂಪಗೆ ಊದಿ ಮುಟ್ಟಿದರೆ ಬಿಸಿ. ಮೊದಲು ಚೇಳು ಕಚ್ಚಿತೆಂದೇ ಭಾವಿಸಿ ಮಂಚದ ಕೆಳಗೆ ಟಾರ್ಚ್ ಹಾಕಿ ಹುಡುಕಿದೆವು. ಚೇಳೂ ಇಲ್ಲ, ಕಚ್ಚಿದ ಗುರುತೂ ಇಲ್ಲ. ಹಿಂದಿನ ದಿನ ನೆಂಟರ ಮನೆಯಲ್ಲಿ ಅಗೇಲು, ಅಂದರೆ ದೈವಕ್ಕೆ ಎಡೆ ಬಡಿಸುವ ಕಾರ್ಯ, ಇತ್ತು. ಅಲ್ಲಿ ಕೋಳಿ, ಮರುದಿನ ಇನ್ನೊಂದು ಮನೆಯ ಬೀಗರ ಔತಣಕ್ಕೆ ಆಡಿನ ಸುಕ್ಕ, ನಡುವೆ ಎರಡು ಕುಪ್ಪಿ ಕಳ್ಳು. ಇವಕ್ಕೂ ಬೆರಳಿಗೂ ಏನು ಸಂಬಂಧ ಎಂದು ಆಗ ಕೇಳಿದ್ದರೆ ನಕ್ಕುಬಿಡುತ್ತಿದ್ದೆ.

ನಾನು ಅಡುಗೆಯವನು. ಕೇರಳದ ಗಡಿಯಲ್ಲಿರುವ ಉಪ್ಪಳದ ಒಳಭಾಗದಲ್ಲಿ ಮನೆ. ಇಪ್ಪತ್ತಾರು ವರ್ಷಗಳಿಂದ ಮದುವೆ, ಗೃಹಪ್ರವೇಶ, ಔತಣಗಳಿಗೆ ಮಾಂಸದ ಅಡುಗೆ ಮಾಡಿಕೊಡುತ್ತಿದ್ದೇನೆ. ಮಂಜೇಶ್ವರದಿಂದ ಕುಂಬಳೆಯವರೆಗೆ ನನ್ನ ಕೈಯ ಸುಕ್ಕ ತಿನ್ನದ ಊರು ಕಡಿಮೆ. ಹೊಗಳಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಅಡುಗೆಯವನಿಗೆ ಬರುವ ಕಾಯಿಲೆಗೂ ಉಣ್ಣುವವನಿಗೆ ಬರುವ ಕಾಯಿಲೆಗೂ ಒಂದು ವ್ಯತ್ಯಾಸವಿದೆ, ಅದನ್ನು ಮುಂದೆ ಹೇಳುತ್ತೇನೆ.

ತಲಪಾಡಿ ದಾಟಿ ಮಂಗಳೂರಿಗೆ ಹೋದೆ. ವೈದ್ಯರು ಬೆರಳು ನೋಡಿದ ಕೂಡಲೇ "ಗೌಟ್" ಎಂದರು. ರಕ್ತದ ವರದಿ ಬಂದಾಗ ಯೂರಿಕ್ ಆಸಿಡ್ 9.4 ಇತ್ತು. ಸುಮಾರು 6.8 ದಾಟಿದರೆ ಅದು ರಕ್ತದಲ್ಲಿ ಕರಗಿ ನಿಲ್ಲಲಾರದೆ ಸೂಜಿಯಂಥ ಹರಳಾಗಿ ಗಂಟುಗಳಲ್ಲಿ ಕೂರುತ್ತದೆ, ದೇಹದಲ್ಲಿ ತಂಪು ಜಾಗ ಕಾಲಿನ ತುದಿ, ಆದ್ದರಿಂದ ಹೆಬ್ಬೆರಳಿಗೇ ಮೊದಲ ಏಟು ಎಂದು ವಿವರಿಸಿದರು. ಸಕ್ಕರೆ ಪಾಕ ಆರಿದಾಗ ಪಾತ್ರೆಯ ಅಂಚಿನಲ್ಲಿ ಹರಳುಗಟ್ಟುವುದನ್ನು ಸಾವಿರ ಸಲ ನೋಡಿದವನಿಗೆ ಇದು ತಕ್ಷಣ ಅರ್ಥವಾಯಿತು. ಈ ಆಸಿಡ್ ಹುಟ್ಟುವುದು ಪ್ಯೂರಿನ್ ಎಂಬ ವಸ್ತುವಿನಿಂದ. ಜೀವಕೋಶ ಇದ್ದಲ್ಲೆಲ್ಲ ಪ್ಯೂರಿನ್ ಇದೆ. ಮಾಂಸದಲ್ಲಿ ಹೆಚ್ಚು, ಲಿವರ್, ಕಿಡ್ನಿಯಂಥ ಒಳಭಾಗಗಳಲ್ಲಿ ಇನ್ನೂ ಹೆಚ್ಚು. ಬೇರೆ ಬಹುತೇಕ ಸಸ್ತನಿಗಳಲ್ಲಿ ಯೂರಿಕ್ ಆಸಿಡನ್ನು ಮತ್ತೆ ಒಡೆದು ಹಾಕುವ ಕಿಣ್ವವೊಂದಿದೆಯಂತೆ. ಮನುಷ್ಯನ ಪೂರ್ವಜರು ಕೋಟಿಗೂ ಹೆಚ್ಚು ವರ್ಷಗಳ ಹಿಂದೆಯೇ ಅದನ್ನು ಕಳೆದುಕೊಂಡರು. ಹುಲಿ ಎಷ್ಟು ಮಾಂಸ ತಿಂದರೂ ಅದರ ಹೆಬ್ಬೆರಳು ಊದುವುದಿಲ್ಲ ಎಂದಾಯಿತು.

ನೋವಿಗೆ ಮಾತ್ರೆ ಕೊಟ್ಟು, ಹೊರಡುವಾಗ ಒಂದು ಹಾಳೆ ಕೈಗಿತ್ತರು. ತಿನ್ನಬಾರದ್ದರ ಪಟ್ಟಿ. ಪೂರ್ತಿ ಇಂಗ್ಲಿಷಿನಲ್ಲಿ, ಅದೂ ನಮ್ಮ ಕಡೆಯ ಊಟ ಕಂಡರಿಯದ ಯಾರೋ ಬರೆದದ್ದು. ಊರಿಗೆ ಬಂದು ಇನ್ನೊಂದು ಕಡೆ ವಿಚಾರಿಸಿದರೆ ಅಲ್ಲಿ ಕೊಟ್ಟ ಕೈಪಿಡಿ ಮಲಯಾಳದಲ್ಲಿತ್ತು. ನಾನು ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವನು. ಮಲಯಾಳ ಮಾತಾಡುತ್ತೇನೆ, ಓದಲು ತಡವರಿಸುತ್ತೇನೆ. ಗಡಿಯಲ್ಲಿ ಬದುಕುವವರಿಗೆ ಇದು ಹೊಸ ಕಥೆಯಲ್ಲ, ಬಿಡಿ. ಇಂಗ್ಲಿಷ್ ಹಾಳೆಯನ್ನು ಅಕ್ಷರ ಕೂಡಿಸಿ ಓದಿದೆ. ರೆಡ್ ಮೀಟ್ ಗೊತ್ತಾಯಿತು, ಮಟನ್ ಬಿಟ್ಟೆ. ಬಿಯರ್ ಗೊತ್ತಾಯಿತು, ಅದರ ಜೊತೆಗೆ ಕಳ್ಳನ್ನೂ ಬಿಟ್ಟೆ. 'ಸ್ವೀಟ್‌ಬ್ರೆಡ್' ಎಂದಿತ್ತು. ಸಿಹಿ ಬ್ರೆಡ್ ತಾನೆ ಎಂದು ಬೆಳಗಿನ ಚಹಾದ ಜೊತೆಗಿನ ಬನ್ಸ್ ಬಿಟ್ಟೆ. 'ಆಂಚೊವಿ' ಎಂದಿತ್ತು. ಅದೇನೋ ವಿದೇಶಿ ಸೊಪ್ಪಿರಬೇಕು, ನಮಗೆ ಸಿಗುವುದಿಲ್ಲ ಎಂದು ಮುಂದೆ ಹೋದೆ.

ಮಟನ್ ಬಿಟ್ಟವನು ಏನು ತಿನ್ನಬೇಕು? ಮೀನು. ಕೆಂಪು ಮಾಂಸಕ್ಕಿಂತ ಮೀನು ಒಳ್ಳೆಯದು ಎಂದು ಊರೆಲ್ಲ ಹೇಳುತ್ತದೆ. ಅದರಲ್ಲೂ ಬೂತಾಯಿ ಹೃದಯಕ್ಕೆ ಒಳ್ಳೆಯದು ಎಂದು ವೈದ್ಯರೇ ಹೇಳಿದ್ದನ್ನು ಕೇಳಿದ್ದೆ. ಏಳು ವಾರ ಮಧ್ಯಾಹ್ನಕ್ಕೆ ಬೂತಾಯಿ ಗಸಿ, ರಾತ್ರಿಗೆ ಕೊಲ್ಲತ್ತರು ಹುರಿದದ್ದು. ಬೇಸರವಾದರೆ ಮರುವಾಯಿ ಎಂಬ ಚಿಪ್ಪಿನ ಪುಂಡಿ. ನಾಲಗೆಗೆ ಶಿಕ್ಷೆಯೇ ಇಲ್ಲದ ಪಥ್ಯ ಎಂದು ಹಿಗ್ಗಿದ್ದೆ. ಎಂಟನೆಯ ವಾರ ಎಡಗಾಲಿನ ಹೆಬ್ಬೆರಳು.

ಈ ಸಲ ಮಂಚದ ಕೆಳಗೆ ಯಾರೂ ಹುಡುಕಲಿಲ್ಲ. ನರ್ಸಿಂಗ್ ಓದುತ್ತಿರುವ ಅಕ್ಕನ ಮಗಳು ರಜೆಗೆ ಬಂದಿದ್ದಳು. ಹಾಳೆ ತೆಗೆದುಕೊಂಡು ಓದಿದಳು, ಅಡುಗೆ ಮನೆಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು, ಬಂದು ನನ್ನ ಮುಂದೆ ಕುಳಿತಳು.

"ಮಾವ, ಈ ಆಂಚೊವಿ ಎಂದರೆ ನಮ್ಮ ಕೊಲ್ಲತ್ತರು. ಮಲಯಾಳದವರು ನೆತ್ತೋಲಿ ಎನ್ನುತ್ತಾರಲ್ಲ, ಅದೇ. ಈ ಸಾರ್ಡೀನ್ ಎಂದರೆ ಬೂತಾಯಿ. ನೀವು ಎರಡು ತಿಂಗಳಿಂದ ಬಿಡಬೇಕಾದ್ದನ್ನೇ ಹುಡುಕಿ ಹುಡುಕಿ ತಿಂದಿದ್ದೀರಿ."

"ಸ್ವೀಟ್‌ಬ್ರೆಡ್?"

"ಅದು ಪ್ರಾಣಿಯ ಗ್ರಂಥಿ. ಬನ್ಸ್ ಅಲ್ಲ."

ಹೆಂಡತಿ ಒಳಗಿನಿಂದ ನಕ್ಕದ್ದು ಕೇಳಿಸಿತು. ಎರಡು ತಿಂಗಳು ಬನ್ಸ್ ಕೇಳಬೇಡ ಎಂದು ಅವಳಿಗೆ ನಾನೇ ಗದರಿಸಿದ್ದೆ.

ಅಂದಿನಿಂದ ಈ ವಿಷಯವನ್ನು ನಿಜವಾಗಿ ತಿಳಿದುಕೊಳ್ಳಲು ತೊಡಗಿದೆ. ಅವಳು ಓದಿ ಹೇಳಿದ ಒಂದು ಅಧ್ಯಯನ ನನ್ನ ತಲೆಯಲ್ಲಿ ಗಟ್ಟಿಯಾಗಿ ನಿಂತಿದೆ. ಅಮೆರಿಕದಲ್ಲಿ ಗೌಟ್ ಇಲ್ಲದ 47,150 ಗಂಡಸರನ್ನು ಹನ್ನೆರಡು ವರ್ಷ ಗಮನಿಸಿದರಂತೆ, 2004ರಲ್ಲಿ ಫಲಿತಾಂಶ ಪ್ರಕಟವಾಯಿತು. ಅಷ್ಟರಲ್ಲಿ 730 ಮಂದಿಗೆ ಗೌಟ್ ಬಂದಿತ್ತು. ಅತಿ ಹೆಚ್ಚು ಮಾಂಸ ತಿನ್ನುವವರಿಗೆ, ಅತಿ ಕಡಿಮೆ ತಿನ್ನುವವರಿಗಿಂತ ಅಪಾಯ ಶೇ. 41 ಹೆಚ್ಚು. ಕಡಲ ಮೀನು, ಸಿಗಡಿ, ಚಿಪ್ಪುಗಳನ್ನು ಅತಿ ಹೆಚ್ಚು ತಿನ್ನುವವರಿಗೆ ಶೇ. 51 ಹೆಚ್ಚು. ಮಾಂಸಕ್ಕಿಂತ ಮೀನೇ ಒಂದು ಕೈ ಮೇಲೆ! ಹಾಲು, ಮೊಸರು ಹೆಚ್ಚು ಬಳಸುವವರಿಗೆ ಅಪಾಯ ಸುಮಾರು ಅರ್ಧದಷ್ಟು. ಇನ್ನೊಂದು ವಿಚಿತ್ರವೆಂದರೆ ಬೇಳೆ, ಪಾಲಕ್‌ನಂಥ ಸೊಪ್ಪು, ಅಣಬೆಯಲ್ಲಿಯೂ ಪ್ಯೂರಿನ್ ಇದ್ದೇ ಇದೆ, ಆದರೆ ಸಸ್ಯದಿಂದ ಬಂದ ಪ್ಯೂರಿನ್ ಗೌಟ್ ಹೆಚ್ಚಿಸಿದ್ದು ಆ ಅಧ್ಯಯನದಲ್ಲಿ ಕಂಡುಬರಲಿಲ್ಲ. ನಮ್ಮ ಊರಿನಲ್ಲಿ ಯೂರಿಕ್ ಆಸಿಡ್ ಎಂದ ಕೂಡಲೇ ಮೊದಲು ತೊಗರಿಬೇಳೆ ಬಿಡಿಸುತ್ತಾರೆ. ನನಗೂ ಮೂರು ಜನ ಹೇಳಿದರು. ಬೇಳೆ ಬಿಟ್ಟು ಮರುವಾಯಿ ತಿನ್ನುವ ಪಥ್ಯ ನಮ್ಮಲ್ಲಿ ಇನ್ನೆಷ್ಟು ಮನೆಗಳಲ್ಲಿ ನಡೆಯುತ್ತಿದೆಯೋ.

ಈಗ ಅಡುಗೆಯವನ ಕಾಯಿಲೆಯ ಮಾತು. ಉಣ್ಣುವವನು ಔತಣಕ್ಕೆ ತಿಂಗಳಿಗೊಮ್ಮೆ ಹೋಗುತ್ತಾನೆ. ನಾನು ಸೀಸನ್ನಿನಲ್ಲಿ ವಾರಕ್ಕೆ ನಾಲ್ಕು ಸಲ. ಊಟಕ್ಕೆ ಕುಳಿತಾಗ ನಾನು ಎರಡು ತುಂಡಿಗಿಂತ ಹೆಚ್ಚು ಹಾಕಿಸಿಕೊಂಡವನಲ್ಲ, ಆದ್ದರಿಂದ ಮಿತವಾಗಿ ತಿನ್ನುತ್ತೇನೆ ಎಂಬುದೇ ನನ್ನ ನಂಬಿಕೆ. ಒಂದು ದಿನ ಹಟದಿಂದ ಲೆಕ್ಕ ಹಾಕಿದೆ. ಒಲೆಯ ಹತ್ತಿರ ತಕ್ಕಡಿ ಇಟ್ಟುಕೊಂಡು, ರುಚಿ ನೋಡಲು ಬಾಯಿಗೆ ಹಾಕುವುದನ್ನೆಲ್ಲ ಅಷ್ಟೇ ಪ್ರಮಾಣದಲ್ಲಿ ಒಂದು ಬಟ್ಟಲಿಗೂ ಹಾಕುತ್ತಾ ಹೋದೆ. ಬೆಂದಿದೆಯೇ ಎಂದು ಒಂದು ತುಂಡು, ಉಪ್ಪಿಗೆ ಒಂದು, ಖಾರಕ್ಕೆ ಒಂದು, ಲಿವರ್ ಗಟ್ಟಿಯಾಯಿತೇ ಎಂದು ಎರಡು, ಸಾರಿನ ಹದಕ್ಕೆ ಸಟ್ಟುಗದ ಮೇಲೆ ಸಟ್ಟುಗ. ಮಧ್ಯಾಹ್ನದ ಹೊತ್ತಿಗೆ ಬಟ್ಟಲಿನಲ್ಲಿ 210 ಗ್ರಾಂ ಮಾಂಸವಿತ್ತು, ಲೋಟ ತುಂಬ ಸಾರು ಬೇರೆ. ಕ್ಯಾನ್ಸರ್ ತಡೆಯ ಬಗ್ಗೆ ಕೆಲಸ ಮಾಡುವ ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ಕೆಂಪು ಮಾಂಸವನ್ನು ಬೇಯಿಸಿದ ತೂಕದಲ್ಲಿ ವಾರಕ್ಕೆ 350ರಿಂದ 500 ಗ್ರಾಂ ದಾಟಬೇಡಿ ಎನ್ನುತ್ತದೆ. ಅದನ್ನು ನಾನು ಊಟಕ್ಕೆ ಕೂರದೆಯೇ ಎರಡು ಮೂರು ದಿನದಲ್ಲಿ ಮುಗಿಸುತ್ತಿದ್ದೆ. ಸಾರು ಲೆಕ್ಕವೇ ಅಲ್ಲ ಎಂದುಕೊಂಡಿದ್ದೆ. ಪ್ಯೂರಿನ್ ನೀರಿಗೆ ಇಳಿಯುವ ವಸ್ತು, ಮಾಂಸ ಬೆಂದಂತೆ ಅದು ಸಾರಿಗೆ ಬರುತ್ತದೆ. ಮೊದಲ ನೋವಿನಲ್ಲಿ ನೆರೆಮನೆಯವರು ಪ್ರೀತಿಯಿಂದ ತಂದುಕೊಟ್ಟ, ಎಲುಬಿನ ಜೊತೆ ಮಾಂಸದ ಚೂರು ಹಾಕಿ ಗಂಟೆಗಟ್ಟಲೆ ಕುದಿಸಿದ ಸೂಪನ್ನು ಗಂಟಿಗೆ ಬಲ ಬರಲಿ ಎಂದು ಮೂರು ದಿನ ಕುಡಿದವನು ನಾನು.

ಆಮೇಲೆ ರುಚಿ ನೋಡುವ ಕೆಲಸವನ್ನು ಅಳಿಯನಿಗೆ ವಹಿಸಿದೆ. ಇಪ್ಪತ್ತಾರು ವರ್ಷದ ನಾಲಗೆಯನ್ನು ಇನ್ನೊಬ್ಬನ ಬಾಯಲ್ಲಿ ಇಡುವುದೆಂದರೆ ಏನೆಂದು ಅಡುಗೆಯವರಿಗೆ ಮಾತ್ರ ಗೊತ್ತು. ಮೊದಲ ತಿಂಗಳು ಎರಡು ಕಡೆ ಉಪ್ಪು ಹೆಚ್ಚಾಯಿತು, ಒಂದು ಕಡೆ ನೇರವಾಗಿ ದೂರು ಬಂತು. ಈಗ ನಾನು ಮಸಾಲೆ ಮಾತ್ರ ನಾಲಗೆಯ ತುದಿಗೆ ಹಚ್ಚಿ ನೋಡುತ್ತೇನೆ, ಮಾಂಸ ಹಾಕುವ ಮೊದಲು. ಬೆಂದದ್ದನ್ನು ಬೆರಳಿನಿಂದ ಒತ್ತಿ ತಿಳಿಯುತ್ತೇನೆ.

ಬೆಂಕಿಯ ಮುಂದೆ ಬೆವರಿ ನೀರು ಕುಡಿಯದೆ ಇರುವುದೂ ಯೂರಿಕ್ ಆಸಿಡ್ ಏರಲು ಕಾರಣ. ಔತಣದ ಮನೆಯವರು ಕೊಡುವ ಸಿಹಿ ತಂಪು ಪಾನೀಯ ಇನ್ನೊಂದು ಕಾರಣ, ಅದರಲ್ಲಿರುವ ಫ್ರಕ್ಟೋಸ್ ಈ ಆಸಿಡನ್ನು ಹೆಚ್ಚಿಸುತ್ತದೆ. ಈಗ ಒಲೆಯ ಪಕ್ಕ ಒಂದು ಕೊಡ ನೀರು, ಒಂದು ಪಾತ್ರೆ ನೀರು ಮಜ್ಜಿಗೆ ಇರುತ್ತದೆ.

ಇಷ್ಟೆಲ್ಲ ಮಾಡಿ ನಾಲ್ಕು ತಿಂಗಳ ನಂತರ ರಕ್ತ ಪರೀಕ್ಷೆ ಮಾಡಿಸಿದರೆ 8.3. ನನಗೆ ಅಳುವೇ ಬಂತು. ವೈದ್ಯರು ಸಮಾಧಾನದಿಂದ ಹೇಳಿದರು: ದೇಹದಲ್ಲಿರುವ ಯೂರಿಕ್ ಆಸಿಡಿನಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಊಟದಿಂದ ಬರುತ್ತದೆ, ಉಳಿದದ್ದು ನಮ್ಮದೇ ಜೀವಕೋಶಗಳು ಹಳತಾಗಿ ಒಡೆಯುವಾಗ ಹುಟ್ಟುತ್ತದೆ. ನಿಮ್ಮ ಕಿಡ್ನಿ ಅದನ್ನು ಹೊರಹಾಕುವುದರಲ್ಲಿ ಸ್ವಲ್ಪ ಜಿಪುಣ. ಪಥ್ಯದಿಂದ ಒಂದು ಅಂಕ ಇಳಿದದ್ದೇ ದೊಡ್ಡದು. ಆಮೇಲೆ ನಾನು ನುಂಗುತ್ತಿದ್ದ ಬಿಪಿ ಮಾತ್ರೆಯ ಹೆಸರು ನೋಡಿದರು. ಅದು ಮೂತ್ರ ಹೆಚ್ಚಿಸುವ ಜಾತಿಯದು, ಅಂಥವು ಯೂರಿಕ್ ಆಸಿಡನ್ನು ಒಳಗೇ ತಡೆದಿಡುತ್ತವೆ. ಅದನ್ನು ಬದಲಿಸಿದರು. ಈ ಪ್ರಶ್ನೆಯನ್ನು ಮೊದಲ ದಿನವೇ ಯಾರಾದರೂ ಕೇಳಬಹುದಿತ್ತು ಎಂಬ ಸಿಟ್ಟು ನನಗೆ ಈಗಲೂ ಇದೆ.

ಯೂರಿಕ್ ಆಸಿಡ್ ಇಳಿಸುವ ಅಲೋಪ್ಯೂರಿನಾಲ್ ಮಾತ್ರೆ 100 ಮಿಲಿಗ್ರಾಂನಿಂದ ಶುರುವಾಯಿತು, ಮೆಲ್ಲಮೆಲ್ಲನೆ 300ಕ್ಕೆ ಏರಿತು. ಮೈಮೇಲೆ ದದ್ದು ಕಂಡರೆ ಕೂಡಲೇ ನಿಲ್ಲಿಸಿ ಓಡಿ ಬರಬೇಕೆಂದು ಎಚ್ಚರಿಸಿದ್ದರು. ಶುರುವಿನಲ್ಲಿ ಹಳೆಯ ಹರಳು ಕರಗುವಾಗ ನೋವು ಮರಳಬಹುದು, ಹಾಗೆಂದು ಮಾತ್ರೆ ಬಿಡಬಾರದು ಎಂದೂ ಹೇಳಿ, ಅದಕ್ಕೆ ಕಾವಲಾಗಿ ಕೆಲವು ತಿಂಗಳು ಕಾಲ್ಚಿಸಿನ್ ಕೊಟ್ಟರು. ಒಮ್ಮೆ ಸಣ್ಣಗೆ ಬಂದು ಹೋಯಿತು. ಈಗ 5.6. ಗುರಿ ಆರರ ಕೆಳಗೆ.

ಇನ್ನೊಂದು ಗೊಂದಲದ ಬಗ್ಗೆ ಹೇಳಲೇಬೇಕು, ಏಕೆಂದರೆ ನನ್ನ ಗಿರಾಕಿಗಳು ಕೇಳುತ್ತಾರೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಾಸೇಜ್, ಬೇಕನ್‌ನಂಥ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ, ಕೆಂಪು ಮಾಂಸವನ್ನು 'ಬಹುಶಃ ತರಬಹುದು' ಎಂಬ ಗುಂಪಿಗೆ ಸೇರಿಸಿತು. ತಂಬಾಕೂ ಆ ಮೊದಲ ಗುಂಪಿನಲ್ಲೇ ಇದೆ, ಆದ್ದರಿಂದ ಮಾಂಸವೂ ಸಿಗರೇಟೂ ಒಂದೇ ಎಂದು ಸುದ್ದಿ ಹಬ್ಬಿತು. ಗುಂಪು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ದಿನಕ್ಕೆ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದರೆ ದೊಡ್ಡಕರುಳಿನ ಕ್ಯಾನ್ಸರ್ ಅಪಾಯ ಶೇ. 18 ಏರುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಅಂದಾಜು 34,000 ಕ್ಯಾನ್ಸರ್ ಸಾವು ಇದರಿಂದ, ತಂಬಾಕಿನಿಂದ ಹತ್ತು ಲಕ್ಷ. ಬೀಡಿ ಸೇದುತ್ತಲೇ "ಮಟನ್ ವಿಷವಂತೆ" ಎನ್ನುವವರಿಗೆ ನಾನು ಈ ಎರಡು ಅಂಕಿ ಹೇಳಿ ಸುಮ್ಮನಾಗುತ್ತೇನೆ. ಕರಿದದ್ದಕ್ಕಿಂತ, ಬೆಂಕಿಗೆ ನೇರ ಹಿಡಿದು ಕಪ್ಪಾಗುವಂತೆ ಸುಟ್ಟದ್ದರ ಬಗ್ಗೆ ನನಗೆ ಹೆಚ್ಚು ಭಯ. ಕ್ಯಾನ್ಸರಿಗೆ ಕಾರಣವಾಗಬಲ್ಲ ಕೆಲವು ರಾಸಾಯನಿಕಗಳು ಹುಟ್ಟುವುದು ಆ ಕಪ್ಪಿನಲ್ಲಿ. ಈಗ ಹೆದ್ದಾರಿಯ ಉದ್ದಕ್ಕೂ ಕೆಂಡದ ಮೇಲೆ ಕೋಳಿ ಸುಡುವ ಅಲ್ಫಾಮ್ ಅಂಗಡಿಗಳು, ಹುಡುಗರು ಔತಣಕ್ಕೂ ಅದನ್ನೇ ಕೇಳುತ್ತಾರೆ. ಮಾಡಿಕೊಡುತ್ತೇನೆ, ಆದರೆ ಕಪ್ಪಾದ ಅಂಚನ್ನು ಕತ್ತರಿಸಿ ಬಡಿಸುತ್ತೇನೆ. ಕೆಲವರು ಬೈಯುತ್ತಾರೆ.

ಬೂತಾಯಿಯ ವಿಷಯ ಮಾತ್ರ ನನಗೆ ಬಹಳ ದಿನ ಬಗೆಹರಿಯಲಿಲ್ಲ. ನನ್ನ ಕೊಲೆಸ್ಟರಾಲ್ ನೋಡಿದ ವೈದ್ಯರು ಒಮೆಗಾ 3 ಇರುವ ಎಣ್ಣೆಯಂಶದ ಮೀನು ತಿನ್ನಿ ಎನ್ನುತ್ತಾರೆ, ಬೆರಳು ನೋಡಿದ ವೈದ್ಯರು ಅದೇ ಮೀನನ್ನು ಬಿಡಿ ಎನ್ನುತ್ತಾರೆ. ಇಬ್ಬರೂ ಹೇಳುವುದು ಸರಿ. ಒಂದೇ ಮೀನು, ಎದೆಗೆ ಮದ್ದು, ಕಾಲಿಗೆ ಮುಳ್ಳು. ಬೆರಳಿನ ವೈದ್ಯರನ್ನೇ ನೇರವಾಗಿ ಕೇಳಿದೆ. ಆರರ ಕೆಳಗೆ ಆರು ತಿಂಗಳು ನಿಂತರೆ ವಾರಕ್ಕೊಮ್ಮೆ ಸ್ವಲ್ಪ ತಿನ್ನಬಹುದು, ಕೊಲ್ಲತ್ತರು ಮತ್ತು ಲಿವರ್ ಬೇಡವೇ ಬೇಡ ಎಂದರು. ಮಟನ್ ತಿಂಗಳಿಗೆರಡು ಸಲ, ಮೂರು ತುಂಡು, ಸಾರಿಲ್ಲದೆ. ಈ ಕಟ್ಟುಪಾಡು ನನ್ನ ರಕ್ತಕ್ಕೆ ಹೇಳಿದ್ದು. ನಿಮ್ಮ ರಕ್ತ ಬೇರೆ, ನಿಮ್ಮ ಕಿಡ್ನಿ ಬೇರೆ.

ಆರನೆಯ ತಿಂಗಳು ಮೊನ್ನೆ ಮುಗಿಯಿತು. ನಿನ್ನೆ ಬೆಳಿಗ್ಗೆ ಮೀನಿನವನ ಸ್ಕೂಟರ್ ಹಾರ್ನ್ ಕೇಳಿ ನಾನೇ ಅಂಗಳಕ್ಕಿಳಿದೆ. ಕಾಟಂಪುಳಿ ಹಾಕಿ ಹೆಂಡತಿ ಗಸಿ ಮಾಡಿದಳು. ಎಣಿಸಿ ನಾಲ್ಕು ನನ್ನ ತಟ್ಟೆಗೆ ಹಾಕಿ, ಉಳಿದ ಪಾತ್ರೆಯನ್ನು ಮುಚ್ಚಿ ಒಳಗೆ ಒಯ್ದಳು. ತಲೆಗಳನ್ನು ಬೆಕ್ಕಿಗೆ ಹಾಕಿದೆ.